ಶೀನಪ್ಪನ ಓರೆ ಕಾರು

ನನ್ನ ತಮ್ಮ ಶೀನಪ್ಪ ಕೈಯಾರೆ ಕಟ್ಟಿದ ಕಾರನ್ನು ಅರ್ಧಕ್ಕೆ ಕೊಯ್ದು, ಅದರ ಮೂತಿಯನ್ನು ಒಂದು ರೆಸ್ಟೋರೆಂಟಿನ ಗೋಡೆಗೆ ಸಿಕ್ಕಿಸಿ, ಎರಡು ದೀಪ ಉರಿಸಿ, ಜನ ಅದರ ಕೆಳಗೆ ಕೂತು ಬರ್ಗರ್ ತಿನ್ನುವ ಹಾಗೆ ಮಾಡುವ ಅಂತ ಹೇಳಿದ್ದು ಬೇರೆ ಯಾರೂ ಅಲ್ಲ, ನಾನು ಹೆತ್ತ ಮಗ ಸುಮಿತ್. ಹೇಳುವಾಗ ಅವನು ನಾನು ಬಡಿಸಿದ ಅನ್ನಕ್ಕೆ ಮೀನುಸಾರು ಕಲಸುತ್ತಾ ಇದ್ದ. ಶೀನಪ್ಪ ಎದುರಿಗೇ ಕೂತಿದ್ದ. ಒಬ್ಬನ ಎದುರು ಕೂತು, ಅವನ ಕಾರನ್ನು ಹೀಗೆ ಕೊಯ್ಯುವ ಅಂತ ಕೈಯಲ್ಲಿ ಗೆರೆ ಎಳೆದು ತೋರಿಸುವುದೆಂದರೆ ಏನು? ಆವತ್ತು ಬಂದ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ಶೀನಪ್ಪ ಯಾರು ಅಂತ ಗೊತ್ತಾಗದೆ ನನ್ನ ಸಿಟ್ಟು ಯಾರಿಗೂ ಅರ್ಥ ಆಗಲಿಕ್ಕಿಲ್ಲ. ನಾವು ಹೆಜಮಾಡಿ ಕಡೆಯವರು. ಮೀಸೆ ಸರಿಯಾಗಿ ಮೂಡುವ ಮೊದಲೇ ಅವನು ಅಬುಧಾಬಿಗೆ ಬಂದ. ಟೂರಿಸ್ಟ್ ಕ್ಲಬ್ ಏರಿಯಾದ ಒಂದು ದೊಡ್ಡ ಹೋಟೆಲಿನಲ್ಲಿ ತಟ್ಟೆ ತೊಳೆಯುವುದಕ್ಕೆ ಸೇರಿದವನು ಮೆಲ್ಲ ಮೆಲ್ಲ ಮೇಲೆ ಬಂದು ಬ್ಯಾಂಕ್ವೆಟ್ ಹಾಲಿನ ಕ್ಯಾಪ್ಟನ್ ಆದ. ಮದುವೆಗೆ, ಮೀಟಿಂಗಿಗೆ, ಪಾರ್ಟಿಗೆ ಕುರ್ಚಿ ಮೇಜು ಹೂಡಿಸುವುದು ಅವನ ಕೆಲಸ. ಅಷ್ಟು ದೊಡ್ಡ ಹಾಲಿನಲ್ಲಿ ಈ ಗೋಡೆಯಿಂದ ಆ ಗೋಡೆಗೆ ದಾರ ಎಳೆದು, ಒಂದೊಂದು ಕುರ್ಚಿಯ ಬೆನ್ನನ್ನೂ ಆ ದಾರಕ್ಕೆ ತಾಗಿಸಿ ನಿಲ್ಲಿಸುತ್ತಾನೆ. ಗ್ಲಾಸಿಗೂ ದಾರ, ಚಮಚಕ್ಕೂ ದಾರ. ಬಾಗಿಲಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡಿದರೆ ಮೊದಲ ಕುರ್ಚಿ ಬಿಟ್ಟು ಉಳಿದದ್ದು ಒಂದೂ ಕಾಣಬಾರದು. ಕಂಡರೆ ಎಲ್ಲ ತೆಗೆದು ಪುನಃ.

ಇಲ್ಲಿಯ ಅರಬಿ ಮನೆತನದ ಮದುವೆಯಲ್ಲಿ ಹೆಂಗಸರ ಹಾಲೇ ಬೇರೆ. ಗಂಡಸರು ಎಲ್ಲ ಹೂಡಿಟ್ಟು, ಹೆಂಗಸರು ಬರುವ ಮೊದಲು ಹಿಂದಿನ ಬಾಗಿಲಿನಿಂದ ಹೊರಗೆ ಹೋಗಬೇಕು. ತಾನು ಹೂಡಿದ ಹಾಲಿನಲ್ಲಿ ಜನ ಕೂತು ಉಂಡದ್ದನ್ನು ಅವನು ಹೆಚ್ಚು ಸಲ ನೋಡಿದ್ದೇ ಇಲ್ಲ. ಅವನಿಗೂ ಮದುವೆ ಆಗಲಿಲ್ಲ. ಯಾರಾದರೂ ಕೇಳಿದರೆ, “ದಿನಾ ಒಂದು ಮದುವೆಯ ಕುರ್ಚಿ ಹೊರುತ್ತೇನೆ ಮಾರಾಯ್ರೆ, ನನ್ನದೂ ಒಂದು ಬೇರೆ ಯಾಕೆ?” ಅಂತ ನಗಾಡಿ ಬಿಡುವುದು. ಯಾರು ಎಂತ ಹೇಳಿದರೂ ‘ಯೆಸ್ ಸಾರ್’ ಅನ್ನುವ ಬಾಯಿ ಅವನದ್ದು. ಅಕ್ಕನಾದ ನಾನೇ ಅವನು ಸಿಟ್ಟು ಮಾಡಿದ್ದನ್ನು ಕಂಡಿರಲಿಲ್ಲ.

ಇಂಥವನಿಗೆ ಕಾರು ಹೇಗೆ ಬಂತೆಂದರೆ, ಹೋಟೆಲಿನಲ್ಲಿ ಒಬ್ಬ ಇಂಗ್ಲಿಷಿನವನು ದೊಡ್ಡ ಇಂಜಿನಿಯರ್ ಆಗಿದ್ದ. ಅವನು ತನ್ನ ಊರಿನಿಂದ ಮರದ ಪೆಟ್ಟಿಗೆಗಳಲ್ಲಿ ಒಂದು ಕಾರು ತರಿಸಿದ್ದ. ಹೌದು, ಪೆಟ್ಟಿಗೆಯಲ್ಲಿ. ಪೈಪಿನ ಚೌಕಟ್ಟು, ಚಕ್ರ, ಸ್ಪ್ರಿಂಗು, ತಗಡು, ಬೋಲ್ಟು ಎಲ್ಲ ಬೇರೆ ಬೇರೆ. ಮನೆಯಲ್ಲಿ ಕೂತು ನಾವೇ ಜೋಡಿಸಿಕೊಳ್ಳುವುದಂತೆ. ಅದಕ್ಕೆ ಕಿಟ್ ಕಾರ್ ಅನ್ನುತ್ತಾರೆ. ಪೆಟ್ಟಿಗೆ ತೆರೆಯುವ ಮೊದಲೇ ಅವನಿಗೆ ಊರಿಗೆ ಹೊರಡಬೇಕಾಯಿತು. “ಶೀನ, ಇದನ್ನು ನೀನು ಕಟ್ಟು, ನಿನ್ನ ಕೈ ನೇರ ಉಂಟು” ಅಂತ ಹೇಳಿ ಬಿಟ್ಟು ಹೋದ.

ಶೀನಪ್ಪ ಇದ್ದದ್ದು ಒಂದು ಹಳೆಯ ವಿಲ್ಲಾದಲ್ಲಿ. ಕೋಣೆ ಕೋಣೆಗೊಂದು ಬಾಡಿಗೆ. ಎದುರಿಗೆ ಕಾರು ನಿಲ್ಲಿಸುವ ಚಾವಡಿ, ಕೆಳಗೆ ಟೈಲ್ಸು, ಮೇಲೆ ತಗಡು. ಅಲ್ಲೇ ಶುರು ಮಾಡಿದ. ಹೋಟೆಲಿನ ಕೆಲಸ ಮುಗಿಸಿ ಬಂದು, ಪೆಟ್ಟಿಗೆಯಲ್ಲಿದ್ದ ಚಿತ್ರದ ಪುಸ್ತಕ ಎದುರಿಗಿಟ್ಟು, ಒಂದೊಂದು ಬೋಲ್ಟು ಹಾಕುವುದು. ಮೊದಮೊದಲು ಅದು ಬಂಗುಡೆ ತಿಂದು ಬಿಟ್ಟ ಮುಳ್ಳಿನ ಹಾಗೆ ಇತ್ತು. ನಾನು ದುಬೈಯಲ್ಲಿ, ಇಂಟರ್‌ನ್ಯಾಷನಲ್ ಸಿಟಿಯಲ್ಲಿ, ಸುಮಿತನ ಜೊತೆ ಇರುವವಳು. ನಡುವೆ ನಡುವೆ ಅಬುಧಾಬಿಗೆ ಹೋಗಿ ತಮ್ಮನಿಗೆ ನಾಲ್ಕು ದಿನ ಬೇಯಿಸಿ ಹಾಕಿ ಬರುತ್ತಿದ್ದೆ. ಹೋದ ಸಲಕ್ಕಿಂತ ಈ ಸಲ ಅದಕ್ಕೆ ಒಂದು ಕೈಯೋ ಕಾಲೋ ಹೆಚ್ಚಾಗಿರುತ್ತಿತ್ತು. ವರ್ಷ ಮೇಲೆ ವರ್ಷ ಹೋಯಿತು. ಕೊನೆಗೊಮ್ಮೆ ಹಸಿರು ಬಣ್ಣ ಬಳಿದು, ಇಬ್ಬರು ಕೂರುವ, ತಲೆಯ ಮೇಲೆ ಮುಚ್ಚಿಗೆ ಇಲ್ಲದ ಒಂದು ಸಣ್ಣ ಕಾರು ನಿಂತಿತು. ನನಗೆ ಕಾರಿನ ವಿಷಯ ಗೊತ್ತಿಲ್ಲ. ಆದರೆ ಚಂದ ಇತ್ತು.

ನಂಬರ್ ಪ್ಲೇಟ್ ಇಲ್ಲದ್ದು ರಸ್ತೆಗೆ ಇಳಿಯುವ ಹಾಗಿಲ್ಲ. ವಿಲ್ಲಾದ ಹಿಂದೆ ಬೇಲಿ ಹಾಕಿದ ಖಾಲಿ ಜಾಗ ಇತ್ತು. ಅಲ್ಲಿ ಓಡಿಸುವುದಕ್ಕೆ ಮಾಲೀಕರ ಒಪ್ಪಿಗೆ ಕೇಳಿ, ನಮ್ಮನ್ನೂ ಕರೆದ. ಕಾರು ಹೊರಟಿತು. ಹೊರಟದ್ದು ಎಲ್ಲಿಗೆ? ಮೂತಿ ಒಂದು ಕಡೆ, ಮೈ ಇನ್ನೊಂದು ಕಡೆ. ನೇರ ಹೋಗಬೇಕಾದರೆ ಅವನು ಸ್ಟಿಯರಿಂಗನ್ನು ತಿರುಗಿಸಿ ಹಿಡಿದೇ ಇರಬೇಕು. ಸುಮಿತ್ ಹೊಟ್ಟೆ ಹಿಡಿದು ನಕ್ಕ.

“ಮಾವ, ನೀವು ಕಟ್ಟಿದ್ದು ಕಾರಲ್ಲ, ಡೆಂಜಿ!”

ತುಳುವಿನಲ್ಲಿ ಏಡಿಗೆ ಡೆಂಜಿ ಅನ್ನುವುದು. ಶೀನಪ್ಪನೂ ನಕ್ಕ. ಸುಮಿತ್ ಅದರ ವಿಡಿಯೋ ತೆಗೆದು ಕುಟುಂಬದವರ ವಾಟ್ಸಾಪ್ ಗುಂಪಿಗೆ ಹಾಕಿದ. ಮುಂಬೈಯವರು ನಕ್ಕರು, ಊರಿನವರು ನಕ್ಕರು. ಮಾವನಿಗೆ ‘ಡೆಂಜಿ ಮಾವ’ ಅಂತಲೇ ಹೆಸರು ಬಿತ್ತು. ಇದೇ ಸುಮಿತ್ ಕೆಲಸ ಹುಡುಕಿಕೊಂಡು ಗಲ್ಫಿಗೆ ಬಂದಾಗ ಮೊದಲು ಇಳಿದದ್ದು ಡೆಂಜಿ ಮಾವನ ಕೋಣೆಯಲ್ಲಿ. ಮಾವ ನೆಲದಲ್ಲಿ ಮಲಗಿ ಇವನಿಗೆ ಮಂಚ ಕೊಟ್ಟದ್ದು. ಈಗ ಜುಮೇರಾ ಲೇಕ್ ಟವರ್ಸಿನಲ್ಲಿ ಆಫೀಸು, ಕುತ್ತಿಗೆಗೆ ಕಾರ್ಡು. ಅದೆಲ್ಲ ಮರೆತುಹೋಗಿದೆ.

ಅಷ್ಟರಲ್ಲಿ ವಿಲ್ಲಾ ಕೆಡವುತ್ತಾರೆ, ಎಲ್ಲರೂ ಖಾಲಿ ಮಾಡಬೇಕು ಅಂತಾಯಿತು. ಶೀನಪ್ಪನಿಗೆ ಹೋಟೆಲಿನವರ ಸ್ಟಾಫ್ ಬಿಲ್ಡಿಂಗಿನಲ್ಲಿ ಒಂದು ಮಂಚ ಸಿಕ್ಕಿತು. ಮಂಚಕ್ಕೆ ಜಾಗ ಉಂಟು, ಕಾರಿಗೆ ಇಲ್ಲ. ಆಗಲೇ ಸುಮಿತ್ ಆ ಗೋಡೆಯ ಮಾತು ತೆಗೆದದ್ದು. ಅವನ ಬಾಸಿನ ಗೆಳೆಯನೊಬ್ಬ ಹೊಸ ರೆಸ್ಟೋರೆಂಟ್ ಮಾಡುತ್ತಿದ್ದಾನೆ. ಗೋಡೆಯಿಂದ ಕಾರು ನುಗ್ಗಿ ಬಂದ ಹಾಗೆ ಕಾಣಬೇಕಂತೆ.

“ಹೇಗೂ ಓಡದ ಕಾರಲ್ವಾ ಮಾವ. ಇಲ್ಲದಿದ್ದರೆ ಗುಜರಿ. ಅಲ್ಲಿ ಆದ್ರೆ ಜನ ನೋಡ್ತಾರೆ, ಫೋಟೋ ತೆಗೀತಾರೆ. ಬಾಸಿಗೂ ಖುಷಿ.”

“ಬಾಸಿಗೆ ಖುಷಿ ಆಗ್ಲಿಕ್ಕೆ ನಿನ್ನದೇ ಕಾರು ಕೊಯ್ದು ಕೊಡು” ಅಂದೆ ನಾನು ಮಗನಿಗೆ.

“ಅಮ್ಮ, ನೀನು ಸುಮ್ಮನಿರು. ನಿನಗೆ ಗೊತ್ತಾಗುದಿಲ್ಲ.”

ಶೀನಪ್ಪ ಕಲಸಿದ ಅನ್ನವನ್ನು ತಟ್ಟೆಯ ಬದಿಗೆ ಸರಿಸಿದ. ಆಮೇಲೆ ಹೇಳಿದ: “ಒಂದು ಸಲ ಪ್ರೊಫೆಶನಲ್ ಆಗಿ ಅಲೈನ್‌ಮೆಂಟ್ ಮಾಡಿಸುವ. ಚಾಸಿಯೇ ಬೆಂಡ್ ಅಂತ ಅವರು ಹೇಳಿದ್ರೆ ತಗೊಂಡು ಹೋಗು. ಚಾಸಿ ನೇರ ಉಂಟು ಅಂದ್ರೆ ಯಾರೂ ಮುಟ್ಟಬಾರದು.”

ಅಲೈನ್‌ಮೆಂಟ್ ಅಂದರೆ ಚಕ್ರಗಳನ್ನು ಅಳೆದು ನೇರ ಮಾಡುವುದು, ಚಾಸಿ ಅಂದರೆ ಕಾರಿನ ಎಲುಬು. ಚಕ್ರ ಓರೆ ಇದ್ದರೆ ತಿರುಗಿಸಿ ಸರಿ ಮಾಡಬಹುದು, ಎಲುಬೇ ಓರೆಯಾದರೆ ಮುಗಿಯಿತು. ಕಾರು ಉಳಿಯುವುದೋ ಗೋಡೆಗೆ ಹೋಗುವುದೋ ಅಂತ ಆ ಒಂದು ಮಾತಿನ ಮೇಲೆ ನಿಂತಿತು.

ಅಬುಧಾಬಿಯ ಹೊರವಲಯದ ಮುಸಫ್ಫಾದ ಒಂದು ಟಯರ್ ಅಂಗಡಿಗೆ, ಕೆಟ್ಟ ಕಾರು ಹೊರುವ ರಿಕವರಿ ಲಾರಿಯ ಬೆನ್ನಿನಲ್ಲಿ ಕಾರು ಹೋಯಿತು. ನಾನೂ ಹೋದೆ. ಬೇಡ ಅಂದರೂ ಹೋದೆ. ಸುಮಿತ್ ಬರಲಿಲ್ಲ, ಅವನಿಗೆ ಮೀಟಿಂಗ್. ಅಂಗಡಿಯವರು ನನಗೆ ಒಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟು ಮೂಲೆಯಲ್ಲಿ ಕೂರಿಸಿದರು. ಮುದುಕಿಯನ್ನು ಮೂಲೆಯಲ್ಲಿ ಕೂರಿಸಿದ ಮೇಲೆ ಅವಳಿಗೆ ಕಿವಿ ಉಂಟು ಅಂತ ಯಾರಿಗೂ ನೆನಪಿರುವುದಿಲ್ಲ. ಹಿಂದಿ, ಮಲಯಾಳಂ, ಕೊಂಕಣಿ ಎಲ್ಲ ನಾನು ಕಲಿತದ್ದು ಹೀಗೆ ಮೂಲೆಯಲ್ಲಿ ಕೂತೇ.

ಅಲ್ಲಿ ಮೆಶಿನಿಗೆ ಮೊದಲು ಕಾರಿನ ಹೆಸರು ಹೇಳಬೇಕು. ಯಾವ ಕಾರಿನ ಚಕ್ರ ಎಷ್ಟು ವಾಲಿರಬೇಕು ಅಂತ ಅದರ ಹೊಟ್ಟೆಯೊಳಗೆ ಉಂಟಂತೆ. ಶೀನಪ್ಪನ ಕಾರಿಗೆ ಎಲ್ಲಿಯ ಹೆಸರು? ಅವನು ಚಿತ್ರದ ಪುಸ್ತಕ ತೆರೆದು, “ಸಾರ್, ಅಳತೆ ಇದರಲ್ಲಿ ಉಂಟು” ಅಂತ ಎರಡೂ ಕೈಯಲ್ಲಿ ಹಿಡಿದು ನಿಂತ. ಮ್ಯಾನೇಜರ್ ಅದನ್ನು ತಿರುಗಿಯೂ ನೋಡಲಿಲ್ಲ. ಪರದೆಯ ಮೇಲೆ ಯಾವುದೋ ಜಪಾನಿನ ಕಾರನ್ನು ಒತ್ತಿದ.

“ಸೇಮ್ ಸೇಮ್” ಅಂದ. “ನಾಲ್ಕು ಚಕ್ರ ಅಲ್ವಾ?”

ಮುಂದಿನ ಚಕ್ರ ಒಂದಿಷ್ಟು ತಿರುಗಿಸಿದರು. ಹಿಂದಿನದನ್ನು ಮುಟ್ಟಲೇ ಇಲ್ಲ. ಪರದೆ ತುಂಬ ಕೆಂಪು ಕೆಂಪು ಅಂಕಿ. ಕೆಲಸದವನು ಬಂದು ಮ್ಯಾನೇಜರನ ಹತ್ತಿರ ಮೆಲ್ಲ ಹೇಳಿದ್ದು ನನಗೆ ಸ್ಪಷ್ಟ ಕೇಳಿತು: “ಇದು ನಮ್ಮ ಮೆಶಿನಿನಲ್ಲಿ ಆಗುದಿಲ್ಲ ಸಾರ್. ಎಂತ ಹೇಳುದು?”

“ಮುದುಕನಿಗೆ ಚಾಸಿ ಬೆಂಡ್ ಅಂತ ಹೇಳಿ ಬಿಡು. ಖಲಾಸ್. ಜಾಗ ಖಾಲಿ ಆಗ್ಲಿ.”

ನಾನು ಎದ್ದೇ ಬಿಟ್ಟೆ. ಆದರೆ ನಾನು ಕಾಲೂರುವಷ್ಟರಲ್ಲಿ ಅವನು ಶೀನಪ್ಪನ ಹೆಗಲಿಗೆ ಕೈ ಹಾಕಿ ಆಗಿತ್ತು. “ಚಾಚಾ, ಚಾಸಿ ಬೆಂಡ್. ಮನೆಯಲ್ಲಿ ಕಟ್ಟಿದ್ದಲ್ವಾ, ಹಾಗೇ ಆಗುದು. ಇದು ಕಾರಲ್ಲ ಚಾಚಾ, ಆಟದ ಸಾಮಾನು. ಮೊಮ್ಮಕ್ಕಳಿಗೆ ಕೊಡಿ.”

“ಯೆಸ್ ಸಾರ್” ಅಂದ ನನ್ನ ತಮ್ಮ. “ಥ್ಯಾಂಕ್ಯೂ ಸಾರ್.”

ಥ್ಯಾಂಕ್ಯೂ ಅಂತೆ! “ಯಾವುದಕ್ಕೆ ಥ್ಯಾಂಕ್ಯೂ ಮಾರಾಯ? ಅವನು ಸುಳ್ಳು ಹೇಳಿದ್ದು. ಮೆಶಿನಿನಲ್ಲಿ ಆಗುದಿಲ್ಲ ಅಂತ ಆ ಕೆಲಸದವನು ಹೇಳಿದ್ದನ್ನು ನನ್ನ ಕಿವಿಯಲ್ಲಿ ಕೇಳಿದ್ದೇನೆ” ಅಂತ ಎಲ್ಲರ ಎದುರೇ ತುಳುವಿನಲ್ಲಿ ಹೇಳಿದೆ.

“ಬಿಡು ಅಕ್ಕ. ಕಾರು ಓರೆ ಹೋಗುದು ಸುಳ್ಳಾ? ಅದು ನಾನು ಕಣ್ಣಾರೆ ನೋಡಿದ್ದಲ್ವಾ.”

ಓರೆ ಹೋದದ್ದನ್ನು ನಾನೂ ನೋಡಿದ್ದೆ. ಸಿಟ್ಟು ಮಾತ್ರ ಇಳಿಯಲಿಲ್ಲ.

ಅಲ್ಲಿ ಟಯರ್ ಬದಲಿಸಲಿಕ್ಕೆ ಬಂದು ಕಾಯುತ್ತಾ ಇದ್ದ ಒಬ್ಬರು ಫೋನಿನಲ್ಲಿ ಕೊಂಕಣಿಯಲ್ಲಿ ಮಾತಾಡುತ್ತಿದ್ದರು. ದೃಷ್ಟಿಯೆಲ್ಲ ನಮ್ಮ ಕಾರಿನ ಮೇಲೆ. “ಹರ್ಬರ್ಟನ ಕೈಗೆ ಸಿಗಬೇಕಿತ್ತು ಇದು. ಪಾಪ, ಇಲ್ಲಿ ತಂದಿದ್ದಾರೆ. ಸೀಟಿನಲ್ಲಿ ಜನ ಕೂರಿಸದೆ ಅಳತೆ ತೆಗೀತಾರೆ, ಎಂತ ಹೇಳುದು ಇವರಿಗೆ” ಅಂತ ಹೇಳಿದ್ದು ಕಿವಿಗೆ ಬಿತ್ತು. ಫೋನ್ ಇಡುವುದನ್ನೇ ಕಾದೆ. ಹೋಗಿ ಕೇಳಿದೆ, ಹರ್ಬರ್ಟ್ ಅಂದ್ರೆ ಯಾರು, ಎಲ್ಲಿ?

ಅವರು ಬೆಚ್ಚಿಬಿದ್ದರು. ಹೆಸರು ಕಾನ್ರಾಡ್, ಬ್ಯಾಂಕಿನ ಕೆಲಸ, ಮೂಲ್ಕಿಯವರು. ಅವರ ಹತ್ತಿರವೂ ಮನೆಯಲ್ಲಿ ಕಟ್ಟಿದ ಇಂಥದ್ದೇ ಒಂದು ಕಾರು ಉಂಟಂತೆ. ದುಬೈಯ ಅಲ್ ಕೂಝ್‌ನಲ್ಲಿ ಹರ್ಬರ್ಟ್ ಅನ್ನುವವರದ್ದು ಒಂದು ಗ್ಯಾರೇಜು, ರೇಸಿನ ಕಾರುಗಳ ಚಕ್ರ ಮಾತ್ರ ನೋಡುವುದು. “ಬಾಯಿ ಕೆಟ್ಟದು, ಅಕ್ಕ. ಬೈದ್ರೆ ಬೇಜಾರು ಮಾಡ್ಬೇಡಿ” ಅಂತಲೂ ಹೇಳಿ, ಫೋನ್ ನಂಬರ್ ಕೊಟ್ಟರು.

ಮನೆಗೆ ಬಂದು ಸುಮಿತನಿಗೆ ಹೇಳಿದೆ, ಅಲ್ ಕೂಝ್‌ನ ಹರ್ಬರ್ಟರಿಗೂ ಒಮ್ಮೆ ತೋರಿಸುತ್ತೇವೆ ಅಂತ.

“ಅಮ್ಮ, ಪ್ರೊಫೆಶನಲ್ ಹೇಳಿ ಆಯ್ತಲ್ಲ? ಮಾವನೇ ಹಾಕಿದ ಕಂಡೀಶನ್. ನಾನು ಅವರಿಗೆ ಯೆಸ್ ಹೇಳಿ ಆಗಿದೆ. ಶನಿವಾರ ಕಾರು ಬೇಕು ಅಂತ ಕೂತಿದ್ದಾರೆ.”

“ಯಾರ ವಸ್ತುವಿಗೆ ಯಾರು ಯೆಸ್ ಹೇಳುದು?”

“ಡೆಂಜಿ ಎಷ್ಟು ಕಡೆ ತೋರಿಸಿದ್ರೂ ಡೆಂಜಿಯೇ ಅಮ್ಮ.”

ಲಟ್ಟಣಿಗೆ ಕೈಯಲ್ಲಿತ್ತು. ಕೆಳಗಿಟ್ಟೆ. ದೊಡ್ಡವನಾದ ಮಗನಿಗೆ ಹೊಡೆಯುವ ಹಾಗಿಲ್ಲವಲ್ಲ.

ಶನಿವಾರ ಬೆಳಿಗ್ಗೆ ಕಾರು ಅಲ್ ಕೂಝ್‌ಗೆ ಬಂತು. ಶೀನಪ್ಪನಿಗೆ ಮನಸ್ಸಿರಲಿಲ್ಲ. “ಇನ್ನೊಬ್ಬರ ಬಾಯಿಯಿಂದಲೂ ಬೆಂಡ್ ಅಂತ ಕೇಳಬೇಕಾ ಅಕ್ಕ” ಅಂದ. ನಾನು ಎಳೆದೇ ತಂದದ್ದು.

ಹರ್ಬರ್ಟ್ ಕುಳ್ಳನೆಯ ಮನುಷ್ಯ. ತಲೆಯಲ್ಲಿ ಕೂದಲಿಲ್ಲ, ಕಿವಿಯಲ್ಲಿ ಉಂಟು. ಮುಸಫ್ಫಾದಲ್ಲಿ ಮಾಡಿದ್ದನ್ನು ಹೇಳಿದಾಗ ಉಗುಳಲು ಜಾಗ ಹುಡುಕಿದರು. ಚಿತ್ರದ ಪುಸ್ತಕ ಇಸಕೊಂಡು, ಕನ್ನಡಕ ಹಾಕಿ, ಬೇಕಾದ ಪುಟ ಪೂರ್ತಿ ಓದಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ: “ಓಡಿಸುದು ಯಾರು?”

“ನಾನು” ಅಂದ ಶೀನಪ್ಪ.

“ತಕ್ಕಡಿ ಹತ್ತಿ.”

ಇಷ್ಟು ಹಗುರದ ಕಾರಿನಲ್ಲಿ ಒಬ್ಬ ಮನುಷ್ಯ ಕೂತರೆ ಅದರ ಸೊಂಟವೇ ಕೆಳಗಿಳಿಯುತ್ತದಂತೆ, ಚಕ್ರಗಳು ವಾಲುವುದೂ ಬದಲಾಗುತ್ತದಂತೆ. ಅದಕ್ಕೇ ಓಡಿಸುವವನ ತೂಕ ಸೀಟಿನಲ್ಲಿ ಇಟ್ಟೇ ಅಳತೆ ತೆಗೆಯಬೇಕು. “ಹಾಗಾದ್ರೆ ನಾನೇ ಕೂರ್ತೇನೆ” ಅಂದ ಶೀನಪ್ಪ.

“ನೀವು ಕೂತ್ರೆ ನಾನು ತೋರಿಸುದು ಯಾರಿಗೆ? ಕಟ್ಟಿದವ ಕೆಳಗೆ ಬಗ್ಗಿ ನೋಡ್ಬೇಕು. ಅಮ್ಮ, ನೀವು ತಕ್ಕಡಿ ಹತ್ತಿ.”

ನಮ್ಮಿಬ್ಬರದ್ದೂ ಒಂದೇ ಮೈಕಟ್ಟು, ನಮ್ಮ ಅಪ್ಪನದ್ದು. ಸ್ವಲ್ಪವೇ ಕಡಿಮೆ ಬಿತ್ತು. ಹರ್ಬರ್ಟ್ ಒಂದು ಸಣ್ಣ ಚೀಲ ಅಕ್ಕಿ ತಂದು ನನ್ನ ಮಡಿಲಿಗೆ ಇಟ್ಟರು. ಸೀರೆ ಎತ್ತಿ ಹಿಡಿದು, ಇಬ್ಬರ ಹೆಗಲು ಹಿಡಿದು, ನಾನು ಆ ಸೀಟಿನೊಳಗೆ ಇಳಿದೆ. ಇಳಿದೆ ಅನ್ನಬೇಕು, ಹತ್ತಿದೆ ಅನ್ನುವ ಹಾಗಿಲ್ಲ, ಅಷ್ಟು ತಗ್ಗು.

“ಈಗ ಕೆಮ್ಮಿದ್ರೂ ಕೇಳಿ ಕೆಮ್ಮಿ” ಅಂದರು ಹರ್ಬರ್ಟ್.

ನಾಲ್ಕು ಚಕ್ರಕ್ಕೂ ಮೆಶಿನಿನ ಅಳತೆಯ ಹಲಗೆ ಸಿಕ್ಕಿಸಿದರು. ಕೆಳಗೆ ಬಗ್ಗಿದರು, ಎದ್ದರು, ಪರದೆ ನೋಡಿದರು, ಪುನಃ ಬಗ್ಗಿದರು. ಚೌಕಟ್ಟಿನ ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಅಡ್ಡ ಅಳೆದರು, ಇನ್ನೊಂದು ಮೂಲೆಯಿಂದ ಪುನಃ ಅಳೆದರು. ಶೀನಪ್ಪ ಗೋಡೆಗೆ ಒರಗಿ ನಿಂತಿದ್ದ. ಅವನ ಮುಖ ನೋಡಲಿಕ್ಕೆ ನನಗೆ ಆಗುತ್ತಿರಲಿಲ್ಲ, ಅಕ್ಕಿಚೀಲ ನೋಡುತ್ತಾ ಕೂತೆ.

ಕೊನೆಗೆ ಹರ್ಬರ್ಟ್ ಎದ್ದು ನಿಂತು ಕೇಳಿದರು: “ಚಾಸಿ ಬೆಂಡ್ ಅಂದವ ಯಾರು?”

“ಅಂಗಡಿಯವರು.”

“ಅವನನ್ನು ಕರ್ಕೊಂಡು ಬನ್ನಿ, ಅವನ ಬೆನ್ನೆಲುಬು ಬೆಂಡ್ ಉಂಟಾ ನೋಡ್ತೇನೆ. ಈ ಚಾಸಿಯಲ್ಲಿ ಒಂದು ಕೂದಲಿನಷ್ಟು ವ್ಯತ್ಯಾಸ ಇಲ್ಲ. ನೇರ ಅಂದ್ರೆ ನೇರ. ಓರೆ ಇರುದು ಹಿಂದಿನ ಎರಡು ಚಕ್ರ. ಎರಡೂ ಒಂದೇ ಕಡೆಗೆ ಮುಖ ಮಾಡಿ ಕೂತಿವೆ. ಅದನ್ನು ಸೆಟ್ ಮಾಡಿದ ಕತ್ತೆ ಯಾರು?”

“ಆ ಕತ್ತೆ ನಾನೇ” ಅಂದ ಶೀನಪ್ಪ.

“ಎಂತದ್ರಲ್ಲಿ ಮಾಡಿದ್ದು?”

“ದಾರ ಎಳೆದು.”

“ದಾರ ಒಳ್ಳೇದೇ. ಎಲ್ಲಿಂದ ಎಲ್ಲಿಗೆ ಎಳೆದ್ರಿ?”

“ಟೈಲ್ಸಿನ ಗೆರೆ ಹಿಡಿದು. ಚಾವಡಿಯ ಈಚೆಯಿಂದ ಆಚೆಗೆ. ಕಾರನ್ನು ಗೋಡೆಗೆ ಸರಿಯಾಗಿ ನಿಲ್ಲಿಸಿದ್ದೆ.”

ಹರ್ಬರ್ಟ್ ಕನ್ನಡಕ ತೆಗೆದರು. “ನಿಮ್ಮ ಕೆಲಸ ಎಂತ?” ಅಂತ ಕೇಳಿದರು. ಶೀನಪ್ಪ ಹೇಳಿದ.

“ಹಾಗೆ ಹೇಳಿ ಮತ್ತೆ! ಕುರ್ಚಿಯಾದ್ರೆ ಹಾಲಿಗೆ ನೇರ ಇರ್ಬೇಕು. ಚಕ್ರ ನೇರ ಇರ್ಬೇಕಾದ್ದು ಕಾರಿಗೆ, ನೆಲಕ್ಕಲ್ಲ. ದಾರವನ್ನು ಕಾರಿಗೇ ಕಟ್ಟಬೇಕಿತ್ತು ಮಾರಾಯ್ರೆ. ನಿಮ್ಮ ಟೈಲ್ಸು ಹಾಕಿದವ ಗೋಡೆಗೆ ಓರೆ ಹಾಕಿದ್ದಾನೆ. ನೀವು ಚಕ್ರವನ್ನು ಟೈಲ್ಸಿಗೆ ಸರಿ ಮಾಡಿದ್ದೀರಿ, ಕಾರನ್ನು ಗೋಡೆಗೆ. ಈ ಕಾರು ಆ ಚಾವಡಿಯಲ್ಲಿ ಡಿನ್ನರಿಗೆ ಕೂರ್ಲಿಕ್ಕೆ ಬಹಳ ಚಂದ ಉಂಟು.”

ಶೀನಪ್ಪನ ಮುಖ ಕೆಂಪಾಯಿತು. ಸಿಟ್ಟು ಹರ್ಬರ್ಟರ ಮೇಲಲ್ಲ, ಯಾವುದೋ ಕಾಲದಲ್ಲಿ ಆ ಟೈಲ್ಸು ಹಾಕಿ ಹೋದವನ ಮೇಲೆ, ಅದನ್ನು ನಂಬಿದ ತನ್ನ ಮೇಲೆ. “ಅಷ್ಟು ವರ್ಷ ಅದರ ಮೇಲೆ ನಡೆದಿದ್ದೇನೆ ಅಕ್ಕ. ಒಂದು ದಿನವೂ ಒಂದು ಕಣ್ಣು ಮುಚ್ಚಿ ನೋಡ್ಲಿಲ್ಲ!” ಅಂದ. ಗೋಡೆಗೆ ಒಂದು ಗುದ್ದು ಹೊಡೆದ. ಅವನ ಕೈಗೇ ನೋವಾಯಿತು.

“ಗೋಡೆ ನಂದು” ಅಂದರು ಹರ್ಬರ್ಟ್. “ಬನ್ನಿ, ಸ್ಪ್ಯಾನರ್ ಹಿಡೀರಿ. ಹಿಂದಿನದ್ದು ಮೊದಲು.”

ಆ ಹೊತ್ತಿಗೆ ಸುಮಿತ್ ಬಂದ. ಗೇಟಿನ ಹೊರಗೆ ರಿಕವರಿ ಲಾರಿಯನ್ನೂ ನಿಲ್ಲಿಸಿಯೇ ಬಂದಿದ್ದ. ಕಾರು ಕೊಯ್ಯುವಲ್ಲಿಗೆ ಸೀದಾ ಕೊಂಡುಹೋಗುವುದಂತೆ. ಸೀಟಿನಲ್ಲಿ ಅಕ್ಕಿಚೀಲ ಅಪ್ಪಿ ಕೂತ ನನ್ನನ್ನು ನೋಡಿ ನಗು ಬಂದಿರಬೇಕು, ನನ್ನ ಮುಖ ನೋಡಿ ನುಂಗಿಕೊಂಡ.

“ಅಮ್ಮ, ಎಂತ ಇದು ಅವತಾರ? ಇಳಿ. ಅವರು ಕಾಯ್ತಾ ಇದ್ದಾರೆ.”

“ಇಳಿಯುವ ಹಾಗಿಲ್ಲ. ಅಳತೆ ತಪ್ಪುತ್ತದೆ.”

“ಅಲುಗಬೇಡಿ ಅಮ್ಮ!” ಅಂತ ಕೆಳಗಿನಿಂದ ಹರ್ಬರ್ಟ್ ಕೂಗಿದರು.

“ಅಮ್ಮ, ಪ್ಲೀಸ್. ಸೀನ್ ಮಾಡ್ಬೇಡ.”

“ಸೀನಾ? ಕೊಯ್ಯುವುದಾದ್ರೆ ನನ್ನನ್ನೂ ಸೇರಿಸಿ ಕೊಯ್ದು ಗೋಡೆಗೆ ಹಾಕು. ನಾನೂ ಹಳೇ ಸಾಮಾನೇ ಅಲ್ವಾ? ಬಾಸಿಗೆ ಹೇಳು, ಡ್ರೈವರ್ ಫ್ರೀ ಅಂತ. ಜನ ಫೋಟೋ ತೆಗೀಲಿ.”

ಗ್ಯಾರೇಜಿನ ಹುಡುಗರು ಸ್ಪ್ಯಾನರ್ ಬಿಟ್ಟು ನಿಂತರು. ಸುಮಿತನ ಕಿವಿ ಕೆಂಪಾಯಿತು. ಅವನು ಮಾವನ ಕಡೆ ತಿರುಗಿದ. “ಮಾವ, ನೀವಾದ್ರೂ ಹೇಳಿ. ನೀವೇ ಅಲ್ವಾ ಹೇಳಿದ್ದು, ಬೆಂಡ್ ಆದ್ರೆ ತಗೊಂಡು ಹೋಗು ಅಂತ?”

“ಬೆಂಡ್ ಇಲ್ಲ” ಅಂದ ಶೀನಪ್ಪ. “ಇವರು ನೋಡಿದ್ದಾರೆ. ಚಾಸಿ ನೇರ ಉಂಟು. ಚಕ್ರದ್ದು ನನ್ನ ತಪ್ಪು, ಸರಿ ಮಾಡ್ತಾ ಇದ್ದೇವೆ.”

“ಹಾಗಂತ ನಾನು ಈಗ ಅವರಿಗೆ ಎಂತ ಹೇಳುದು? ನನ್ನ ಮರ್ಯಾದೆ ಎಂತ ಆಗುದು ಮಾವ? ಒಂದು ಡೆಂಜಿಗೋಸ್ಕರ...”

ಶೀನಪ್ಪ ಸ್ಪ್ಯಾನರನ್ನು ಕೆಳಗಿಟ್ಟ. ಎಸೆಯಲಿಲ್ಲ, ಇಟ್ಟ. ಕೈ ಒರೆಸಿಕೊಂಡ. “ಫೋನ್ ಮಾಡು” ಅಂದ.

“ಮಾವ...”

“ಈಗ. ನನ್ನ ಎದುರು. ಜೋರಾಗಿ ಕೇಳುವ ಹಾಗೆ.”

ಸುಮಿತ್ ಮಾಡಿದ. ಆ ಕಡೆಯವನು ಇಂಗ್ಲಿಷಿನಲ್ಲಿ, ಕಾರು ಎಲ್ಲಿಗೆ ತಲುಪಿತು, ಕೊಯ್ಯುವ ಮೆಶಿನಿನವನು ಬಂದು ಕೂತಿದ್ದಾನೆ ಅಂತ ಅರಚುತ್ತಾ ಇದ್ದ. ಸುಮಿತ್ ಸಾರಿ ಸಾರಿ ಅನ್ನುತ್ತಾ ತಡವರಿಸುವಾಗ ಶೀನಪ್ಪ ಫೋನನ್ನು ಕೈಗೆ ತೆಗೆದುಕೊಂಡ.

“ಗುಡ್ ಮಾರ್ನಿಂಗ್ ಸಾರ್. ಕಾರು ಸಿಗುದಿಲ್ಲ ಸಾರ್” ಅಂದ ಇಂಗ್ಲಿಷಿನಲ್ಲಿ. ಅಭ್ಯಾಸ, ಸಾರ್ ಹೋಗಲಿಲ್ಲ. ಆ ಕಡೆಯವನು ಏನೋ ಅಂದ. “ನೋ ಸಾರ್. ನೋ. ಕೇಳಿಸ್ತಾ ಸಾರ್? ನೋ!” ಮೂರನೆಯ ‘ನೋ’ಗೆ ತಗಡಿನ ಮಾಡು ನಡುಗಿತು. ಫೋನನ್ನು ಸುಮಿತನ ಅಂಗಿಯ ಕಿಸೆಗೆ ಹಾಕಿ, ತುಳುವಿನಲ್ಲಿ ಶುರು ಮಾಡಿದ. ಅಷ್ಟು ವರ್ಷದ್ದು ಒಟ್ಟಿಗೆ ಬಂತು.

“ಇಡೀ ಆಯುಷ್ಯ ಬೇರೆಯವರ ಮದುವೆಗೆ ಅಲಂಕಾರ ಮಾಡಿದವ ನಾನು. ಉಣ್ಣಲಿಕ್ಕೆ ಜನ ಬರುವ ಮೊದಲು ಹಿಂದಿನ ಬಾಗಿಲಿನಿಂದ ಹೊರಗೆ ಹೋದವ. ನನ್ನದು ಅಂತ ಒಂದು ಮಾಡಿದ್ದೇನೆ ಸುಮಿತ್. ಒಂದೇ ಒಂದು! ಅದನ್ನೂ ಯಾರದ್ದೋ ಊಟಕ್ಕೆ ಅಲಂಕಾರ ಮಾಡ್ಬೇಕಾ? ನಿನ್ನ ಬಾಸಿಗೆ ಖುಷಿ ಬೇಕಾದ್ರೆ ನೀನು ಹೋಗಿ ಗೋಡೆಯಲ್ಲಿ ನೇತಾಡು. ಕುತ್ತಿಗೆಗೆ ಕಾರ್ಡು ಹೇಗೂ ಉಂಟು!”

ಸುಮಿತ್ ಮಾವನ ಈ ಸ್ವರ ಕೇಳಿದ್ದು ಅದೇ ಮೊದಲು. ನಾನು ಕೇಳಿದ್ದೂ ಅದೇ ಮೊದಲು.

“ಮಾವ, ಸಾರಿ...”

“ಅದನ್ನು ನಮ್ಮ ಭಾಷೆಯಲ್ಲಿ ಹೇಳ್ಲಿಕ್ಕೆ ಬರುವಾಗ ಹೇಳು.” ಶೀನಪ್ಪ ತಿರುಗಿ ಬಗ್ಗಿದ. “ಹರ್ಬರ್ಟ್ ಸಾರ್, ಎಷ್ಟು ತಿರುಗಿಸ್ಬೇಕು?”

“ಸಿಟ್ಟಿನಲ್ಲಿ ತಿರುಗಿಸ್ಬೇಡಿ. ಅರ್ಧ ಸುತ್ತು. ಅಮ್ಮ, ನೀವು ಉಸಿರಾಡಬಹುದು.”

ಕೆಲಸ ಮುಗಿಯುವಾಗ ನನ್ನ ಕಾಲು ಜೋಮು ಹಿಡಿದು ಕಟ್ಟಿಗೆಯಾಗಿತ್ತು. ನಾಲ್ಕು ಜನ ಎತ್ತಿ ತೆಗೆದರು. ಹಿಂದೆ ಸಿಮೆಂಟ್ ಹಾಕಿದ ಉದ್ದದ ಅಂಗಳ ಉಂಟು, ಅಲ್ಲೇ ಹರ್ಬರ್ಟ್ ಕಾರುಗಳನ್ನು ಓಡಿಸಿ ನೋಡುವುದು. ಶೀನಪ್ಪ ಕೂತ. ಕಾರು ಹೊರಟಿತು. ನಡುವಿಗೆ ಹೋದಾಗ ಹರ್ಬರ್ಟ್ ಕೂಗಿದರು, “ಕೈ ಬಿಡಿ!”

ಅವನು ಸ್ಟಿಯರಿಂಗ್ ಬಿಟ್ಟು ಎರಡು ಕೈಯನ್ನೂ ಮೇಲೆ ಎತ್ತಿದ. ಕಾರು ಅಲುಗಲಿಲ್ಲ. ಹಿಡಿದ ದಾರಿ ಹಿಡಿದೇ ಹೋಯಿತು. ಆ ತುದಿಯ ಗೋಡೆ ಹತ್ತಿರ ಬರುತ್ತಿತ್ತು, ಅವನು ಕೈ ಇಳಿಸಲೇ ಇಲ್ಲ. “ಬ್ರೇಕ್! ಬ್ರೇಕ್ ಮಾರಾಯ್ರೆ!” ಅಂತ ಹರ್ಬರ್ಟ್ ಓಡಿದರು. ಕೊನೆಗೆ ನಿಂತ. ತಿರುಗಿಸಿ ತಂದ. ಪುನಃ ಹೋದ. ನಗಲಿಲ್ಲ, ಮುಖ ಬಿಗಿದುಕೊಂಡೇ ಇತ್ತು, ಕಣ್ಣು ಮಾತ್ರ ಒದ್ದೆ.

ಕಾರು ಹರ್ಬರ್ಟರ ಗ್ಯಾರೇಜಿನ ಹಿಂದಿನ ಶೆಡ್ಡಿನಲ್ಲಿ ಕಾನ್ರಾಡ್ ಅವರ ಕಾರಿನ ಪಕ್ಕ ನಿಲ್ಲಲಿ ಅಂತಾಯಿತು. ಬದಲಿಗೆ ರಜೆ ದಿನ ಬಂದು ಗ್ಯಾರೇಜಿನ ಸಾಮಾನುಗಳನ್ನು ಒಪ್ಪವಾಗಿ ಹೂಡಿ ಕೊಡಬೇಕಂತೆ. “ಇಲ್ಲಿ ಬೇಕಾದ್ರೆ ಗೋಡೆಗೆ ದಾರ ಎಳೀರಿ” ಅಂದರು ಹರ್ಬರ್ಟ್. ಮನೆಯಲ್ಲಿ ಕಟ್ಟಿದ ಕಾರುಗಳನ್ನು ಓಡಿಸುವ ಮೈದಾನ ಒಂದು ಉಂಟು, ಅಲ್ಲಿಗೆ ಎಲ್ಲ ಒಟ್ಟಿಗೆ ಹೋಗುವುದಂತೆ. ನನ್ನನ್ನೂ ಕರೆದಿದ್ದಾರೆ, ಅಕ್ಕಿಚೀಲ ಇಲ್ಲದೆ.

ಸುಮಿತ್ ಮೂಲೆಯಲ್ಲಿ ನಿಂತೇ ಇದ್ದ. ಹೊರಗಿನ ರಿಕವರಿಯವನು ಹಾರ್ನ್ ಹೊಡೆದು ಹೊಡೆದು ಹೋಗಿಯಾಗಿತ್ತು. ಶೆಡ್ಡಿಗೆ ದೂಡುವಾಗ ಕಾರಿಗೆ ಕೈ ಹಾಕಲಿಕ್ಕೆ ಬಂದ. ಶೀನಪ್ಪ ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ.

“ಮುಂದಿನ ಶನಿವಾರ ಬ್ರೇಕಿನ ಕೆಲಸ ಉಂಟು” ಅಂದ, ಯಾರಿಗೂ ಅಲ್ಲ ಅನ್ನುವ ಹಾಗೆ. “ಪೆಡಲ್ ಒತ್ತಿ ಹಿಡೀಲಿಕ್ಕೆ ಒಬ್ಬ ಬೇಕು.”

“ಶನಿವಾರ ಒಂದು ಮೀಟಿಂಗ್...” ಅಂತ ಶುರು ಮಾಡಿದ ಸುಮಿತ್ ನನ್ನ ಕಡೆ ನೋಡಿದ. “ಬರ್ತೇನೆ ಮಾವ.”

ಮನೆಗೆ ಹೊರಟಾಗ ಅವನು ತನ್ನ ದೊಡ್ಡ ಕಾರಿನ ಮುಂದಿನ ಬಾಗಿಲು ತೆರೆದು ಹಿಡಿದ. ನಾನು ಅದನ್ನು ದಾಟಿ ಹೋಗಿ ಹಿಂದಿನ ಸೀಟಿನಲ್ಲಿ ಕೂತೆ.

“ಅಮ್ಮ, ನಾನೇನು ಟ್ಯಾಕ್ಸಿಯವನಾ?”

“ಹೌದು” ಅಂದೆ. “ಯಲ್ಲಾ, ಹೊರಡು.”